ಶೈನಿ ಬೇಕಾ? ಮೊದಲು ನಿಮ್ಮ ಆಟ ನೋಡಿ, ಆಮೇಲೆ ನಿಮ್ಮ ಊರು ನೋಡಿ

ನನ್ನ ಅತ್ತೆಯ ಮಗ ಎಂಟನೇ ಕ್ಲಾಸು. ಮನೆ ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ. ಕಳೆದ ಓಣಂ ರಜೆಗೆ ನಮ್ಮಲ್ಲಿಗೆ ಬಂದವನು ಫೋನ್ ಮುಂದೆ ಹಿಡಿದು ಕೇಳಿದ: “ಭಾವ, ಎರಡು ವರ್ಷದಿಂದ ಆಡ್ತಾ ಇದ್ದೇನೆ, ಒಂದೇ ಒಂದು ಶೈನಿ ಸಿಗಲಿಲ್ಲ. ನನ್ನ ಅಕೌಂಟಿನಲ್ಲಿ ಎಂತಾದರೂ ತೊಂದರೆ ಉಂಟಾ?”

ತೊಂದರೆ ಏನೂ ಇರಲಿಲ್ಲ. ಅವನು ಆಡುತ್ತಿದ್ದದ್ದು ಪೋಕೆಮಾನ್ ಗೋ, ಊರು ಸುತ್ತಿ ಪೋಕೆಮಾನ್ ಅನ್ನುವ ಕಲ್ಪನೆಯ ಪ್ರಾಣಿಗಳನ್ನು ಹಿಡಿಯುವ ಫೋನ್ ಆಟ. ಅಪರೂಪಕ್ಕೆ ಬೇರೆ ಬಣ್ಣದಲ್ಲಿ ಬರುವ ಪೋಕೆಮಾನೇ ಶೈನಿ. ಪಕ್ಕದಲ್ಲಿ ಕೂತು ಹತ್ತು ನಿಮಿಷ ಸುಮ್ನೆ ನೋಡಿದೆ. ತನ್ನ ಹತ್ತಿರ ಇಲ್ಲದ ಪೋಕೆಮಾನ್ ಬಂದರೆ ಮಾತ್ರ ಮುಟ್ಟುತ್ತಿದ್ದ, ಉಳಿದದ್ದನ್ನೆಲ್ಲ ‘ಇದು ಉಂಟು, ಇದೂ ಉಂಟು’ ಅಂತ ಬಿಟ್ಟುಬಿಡುತ್ತಿದ್ದ. ಗೋ ಆಟದಲ್ಲಿ ಮ್ಯಾಪಿನ ಮೇಲೆ ಎಲ್ಲವೂ ಮಾಮೂಲಿ ಬಣ್ಣದಲ್ಲೇ ಕಾಣುತ್ತವೆ. ಮುಟ್ಟಿ ಒಳಗೆ ಹೋದ ಮೇಲಷ್ಟೇ ಅದು ಶೈನಿಯೋ ಅಲ್ಲವೋ ಅಂತ ಗೊತ್ತಾಗುವುದು. ಹಾಗಾಗಿ ಎರಡು ವರ್ಷದಲ್ಲಿ ಅವನ ಮುಂದೆ ಎಷ್ಟು ಶೈನಿ ಬಂದು ಹೋಗಿವೆಯೋ, ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಅವನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಶೈನಿ ಸಿಗುವುದು ಎಷ್ಟು ಸಲ ನೋಡಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಒಂದು ಗಂಟೆಯಲ್ಲಿ ಜಾಸ್ತಿ ಸಲ ನೋಡುವ ದಾರಿ ಯಾವುದು, ಅದು ನಿಮ್ಮ ಕೈಯಲ್ಲಿರುವ ಆಟಕ್ಕೂ ನೀವಿರುವ ಊರಿಗೂ ಹೊಂದುತ್ತದಾ, ಇಷ್ಟು ಗೊತ್ತಾದರೆ ಅರ್ಧ ಕೆಲಸ ಆಯ್ತು.

ಶೈನಿ ಅಂದರೆ ಏನು

ಗೊತ್ತಿಲ್ಲದವರಿಗೆ ಎರಡು ಮಾತು. ಅದೇ ಪೋಕೆಮಾನ್, ಬಣ್ಣ ಬೇರೆ, ಅಷ್ಟೇ. ಶಕ್ತಿ ಏನೂ ಜಾಸ್ತಿ ಇಲ್ಲ. ಹೊರಗೆ ಬರುವಾಗ ಮೈ ಸುತ್ತ ನಕ್ಷತ್ರದ ಹಾಗೆ ಮಿಂಚುತ್ತದೆ, ಒಂದು ಸಣ್ಣ ಕಿಣಿಕಿಣಿ ಶಬ್ದ ಬರುತ್ತದೆ. ಶುರುವಾದದ್ದು 1999ರಲ್ಲಿ ಜಪಾನಿನಲ್ಲಿ ಬಂದ ಗೋಲ್ಡ್ ಮತ್ತು ಸಿಲ್ವರ್ ಆಟಗಳಿಂದ. ಅದರಲ್ಲಿ ಲೇಕ್ ಆಫ್ ರೇಜ್ ಅನ್ನುವ ಕೆರೆಯಲ್ಲಿ ಕೆಂಪು ಗ್ಯಾರಡೋಸ್ ಇರುತ್ತದೆ. ಅದು ಕಥೆಯ ಭಾಗ, ಎಲ್ಲರಿಗೂ ಸಿಗುತ್ತದೆ. ಮಾಮೂಲಿ ಗ್ಯಾರಡೋಸ್ ನೀಲಿ. ಆಟ ತಾನಾಗಿ ಎದುರಿಗೆ ತಂದು ನಿಲ್ಲಿಸುವ ಆ ಕೆಂಪು ಮೀನಿನಿಂದಲೇ ‘ಹೀಗೂ ಉಂಟು’ ಅಂತ ತುಂಬ ಜನರಿಗೆ ಗೊತ್ತಾದದ್ದು.

ಕೆಲವು ಶೈನಿಗಳನ್ನು ದೂರದಿಂದಲೇ ಗುರುತಿಸಬಹುದು. ಚಾರಿಝಾರ್ಡ್ ಕಪ್ಪು, ಮ್ಯಾಜಿಕಾರ್ಪ್ ಚಿನ್ನದ ಬಣ್ಣ, ವೂಪರ್ ಗುಲಾಬಿ. ಅಂಬ್ರಿಯಾನಿನ ಹಳದಿ ಬಳೆಗಳು ನೀಲಿಯಾಗುತ್ತವೆ, ಕಪ್ಪು ಮೈ ಮೇಲೆ ಅದು ಎಷ್ಟು ಚಂದ ಅಂದರೆ ನಾನು ಈಗಲೂ ಆಟದಲ್ಲಿ ಹಿಡಿದದ್ದನ್ನು ಇಡುವ ಬಾಕ್ಸ್ ತೆರೆದು ಸುಮ್ನೆ ನೋಡುತ್ತಾ ಕೂರುತ್ತೇನೆ. ಇನ್ನು ಕೆಲವು ಇವೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು. ಪಿಕಾಚು ಹಳದಿಯಿಂದ ಸ್ವಲ್ಪ ಕಿತ್ತಳೆ ಕಡೆಗೆ ವಾಲುತ್ತದೆ, ಅಷ್ಟೇ. ಜೆಂಗಾರ್, ಗಾರ್ಚಾಂಪ್ ಕೂಡ ಹಾಗೇ. ಹಂಟ್, ಅಂದರೆ ಶೈನಿ ಹುಡುಕಾಟ, ಶುರು ಮಾಡುವ ಮೊದಲು ನಿಮಗೆ ಬೇಕಾದ ಪೋಕೆಮಾನಿನ ಎರಡೂ ಬಣ್ಣದ ಚಿತ್ರವನ್ನು ಅಕ್ಕಪಕ್ಕ ಇಟ್ಟು ಒಮ್ಮೆ ಸರಿಯಾಗಿ ನೋಡಿಕೊಳ್ಳಿ. ಇದನ್ನು ಬಿಟ್ಟು ಹೊರಟವರು ಶೈನಿಯ ಪಕ್ಕದಲ್ಲೇ ನಡೆದುಹೋಗುತ್ತಾರೆ.

ಅಡಿಕೆ ರಾಶಿಯ ಲೆಕ್ಕ

ಈಗಿನ ಮುಖ್ಯ ಆಟಗಳಲ್ಲಿ, ಅಂದರೆ 2013ರ ಎಕ್ಸ್ ಮತ್ತು ವೈ ಆಟಗಳಿಂದ ಈಚೆಗೆ, ಯಾವ ಸಹಾಯವೂ ಇಲ್ಲದೆ ಶೈನಿ ಬರುವ ಆಡ್ಸ್, ಅಂದರೆ ಸಾಧ್ಯತೆ, 4096ಕ್ಕೆ 1. ಅದಕ್ಕಿಂತ ಹಳೆಯದರಲ್ಲಿ 8192ಕ್ಕೆ 1.

ತುಂಬ ಜನ ಇಲ್ಲಿ ಒಂದು ತಪ್ಪು ತಿಳಿದುಕೊಂಡಿದ್ದಾರೆ. 4096 ಸಲ ನೋಡಿದರೆ ಒಂದು ಬಂದೇ ಬರಬೇಕು, ಬರದಿದ್ದರೆ ಆಟದಲ್ಲಿ ಮೋಸ ಇದೆ ಅಂತ. ಹಾಗಲ್ಲ. ಅಂಗಳದಲ್ಲಿ 4096 ಅಡಿಕೆಯ ರಾಶಿ ಇದೆ ಅಂತ ಅಂದುಕೊಳ್ಳಿ. ಒಂದಕ್ಕೆ ಮಾತ್ರ ಬಣ್ಣ ಹಚ್ಚಿದೆ. ಕಣ್ಣು ಮುಚ್ಚಿ ಒಂದನ್ನು ತೆಗೆಯುತ್ತೀರಿ, ನೋಡುತ್ತೀರಿ, ಅದಲ್ಲ ಅಂತಾದರೆ ಮತ್ತೆ ಅದೇ ರಾಶಿಗೆ ಹಾಕಿ ಕಲಸುತ್ತೀರಿ. ಬದಿಗಿಡುವ ಹಾಗಿಲ್ಲ. ಹಾಗಾಗಿ ರಾಶಿ ಯಾವತ್ತೂ ಸಣ್ಣದಾಗುವುದಿಲ್ಲ, ಮೊದಲನೇ ಸಲವೂ 4096ಕ್ಕೆ 1, ಐದು ಸಾವಿರದ ಒಂದನೇ ಸಲವೂ ಅಷ್ಟೇ. ಲೆಕ್ಕ ಹಾಕಿದರೆ 4096 ಸಲ ನೋಡಿದವರಲ್ಲಿ ನೂರಕ್ಕೆ 63 ಜನರಿಗೆ ಒಂದಾದರೂ ಸಿಕ್ಕಿರುತ್ತದೆ, 37 ಜನರಿಗೆ ಸಿಕ್ಕಿರುವುದಿಲ್ಲ. ಸಿಗುವುದು ಸಿಗದಿರುವುದು ಸಮ ಸಮ ಆಗುವುದು ಸುಮಾರು 2840 ಸಲಕ್ಕೆ.

ಇದನ್ನು ಮೊದಲೇ ತಿಳಿದಿದ್ದರೆ ನಡುವೆ ಬೇಜಾರಾಗುವುದಿಲ್ಲ. ನಿಮ್ಮ ಗೆಳೆಯನಿಗೆ ನಲವತ್ತನೇ ಸಲಕ್ಕೆ ಸಿಕ್ಕಿತು, ನಿಮಗೆ ನಾಲ್ಕು ಸಾವಿರ ದಾಟಿದರೂ ಇಲ್ಲ ಅಂದರೆ ಎರಡೂ ಸರಿಯೇ.

ಎಣಿಕೆ ಮಾತ್ರ ಇಟ್ಟುಕೊಳ್ಳಿ. ಫೋನಿನಲ್ಲಿ ಅದಕ್ಕೆ ಆಪ್ ಇವೆ, ನನಗೆ ಪುಸ್ತಕವೇ ಇಷ್ಟ. ನಮ್ಮ ಮನೆಯಲ್ಲಿ ತೆಂಗಿನಕಾಯಿ ಎಣಿಸುವಾಗ ನೂರಾದ ಕೂಡಲೇ ಒಂದು ಕಾಯಿ ಬದಿಗೆ ಇಡುತ್ತಾರೆ, ಕೊನೆಗೆ ಬದಿಗಿಟ್ಟದ್ದನ್ನು ಎಣಿಸಿದರೆ ಎಷ್ಟು ನೂರು ಅಂತ ಗೊತ್ತಾಗುತ್ತದೆ. ನಾನೂ ಹಾಗೇ, ನೂರಕ್ಕೊಂದು ಗೆರೆ. ಎಣಿಸಿದರೆ ಆಡ್ಸ್ ಬದಲಾಗುವುದಿಲ್ಲ. ಆದರೆ ಒಂದು ಗಂಟೆಗೆ ಎಷ್ಟು ನೋಡುತ್ತಿದ್ದೀರಿ ಅಂತ ಗೊತ್ತಾಗುತ್ತದೆ, ಯಾವ ದಾರಿ ನಿಧಾನ, ಯಾವುದು ಬೇಗ ಅಂತ ಅಂದಾಜು ಸಿಗುತ್ತದೆ.

ಫೋನ್ ಮಾತ್ರ ಇದ್ದರೆ

ನಮ್ಮ ಕಡೆ ಹೆಚ್ಚಿನವರ ಹತ್ತಿರ ಇರುವುದು ಫೋನೇ, ಅದಕ್ಕೇ ಇದನ್ನು ಉದ್ದ ಬರೆಯುತ್ತೇನೆ. ಪೋಕೆಮಾನ್ ಗೋ ಭಾರತಕ್ಕೆ 2016ರ ಡಿಸೆಂಬರಿನಲ್ಲಿ ಜಿಯೋ ಜೊತೆ ಸೇರಿ ಬಂತು. ಶೈನಿ ಅದರಲ್ಲಿ ಶುರುವಾದದ್ದು 2017ರ ಮಾರ್ಚಿನಲ್ಲಿ, ಚಿನ್ನದ ಬಣ್ಣದ ಮ್ಯಾಜಿಕಾರ್ಪಿನಿಂದ.

ಮೊದಲನೇ ವಿಷಯ, ಗೋದಲ್ಲಿ ಎಲ್ಲ ಪೋಕೆಮಾನಿಗೂ ಶೈನಿ ಬಿಟ್ಟಿಲ್ಲ. ಒಂದೊಂದಾಗಿ ಬಿಡುತ್ತಾ ಬಂದಿದ್ದಾರೆ. ನೀವು ಹಿಂದೆ ಬಿದ್ದಿರುವುದಕ್ಕೆ ಬಿಟ್ಟಿದ್ದಾರಾ ಅಂತ ನೋಡಿಕೊಂಡೇ ಹೊರಡಿ. ಬಿಡದೇ ಇದ್ದದ್ದನ್ನು ಸಾವಿರ ಸಲ ಮುಟ್ಟಿದರೂ ಪ್ರಯೋಜನ ಇಲ್ಲ.

ಎರಡನೆಯದು, ಕಂಡದ್ದನ್ನೆಲ್ಲ ಮುಟ್ಟಿ. ಒಳಗೆ ಹೋಗಿ, ಬಣ್ಣ ಕಂಡ ಕೂಡಲೇ, ಶೈನಿ ಅಲ್ಲ ಅಂತಾದರೆ ಮೇಲೆ ಎಡಗಡೆ ಇರುವ ಓಡುವ ಗುರುತು ಒತ್ತಿ ಹೊರಗೆ ಬನ್ನಿ. ಹಿಡಿಯಲೇಬೇಕು ಅಂತಿಲ್ಲ. ಒಂದಕ್ಕೆ ಕೆಲವೇ ಸೆಕೆಂಡ್ ಸಾಕು. ಶೈನಿ ಆದರೆ ಕಣ್ತಪ್ಪಿಸುವ ಹಾಗಿಲ್ಲ, ಮೈ ಸುತ್ತ ಮಿಂಚು ಸಿಡಿಯುತ್ತದೆ, ಹೆಸರಿನ ಹತ್ತಿರ ಒಂದು ಗುರುತೂ ಇರುತ್ತದೆ. ಇನ್ನೊಂದು ಮಾತು, ಒಂದೇ ಜಾಗದಲ್ಲಿ ಒಂದೇ ಪೋಕೆಮಾನನ್ನು ಇಬ್ಬರು ಮುಟ್ಟಿದರೂ ಒಬ್ಬನಿಗೆ ಶೈನಿ, ಇನ್ನೊಬ್ಬನಿಗೆ ಮಾಮೂಲಿ ಆಗಬಹುದು. ಪಕ್ಕದವನಿಗೆ ಸಿಕ್ಕಿತು ಅಂತ ನೀವು ಅದನ್ನೇ ಹುಡುಕಿಕೊಂಡು ಓಡುವುದರಲ್ಲಿ ಅರ್ಥ ಇಲ್ಲ.

ಮಾಮೂಲಿ ದಿನಗಳಲ್ಲಿ ಆಡ್ಸ್ ಸುಮಾರು 500ಕ್ಕೆ 1 ಅಂತ ಆಟಗಾರರು ಸೇರಿ ಎಣಿಸಿ ಕಂಡುಕೊಂಡಿದ್ದಾರೆ. ತಿಂಗಳಿಗೊಮ್ಮೆ ಒಂದು ಆಯ್ದ ಪೋಕೆಮಾನ್ ಜಾಸ್ತಿ ಬರುವ ಕಮ್ಯುನಿಟಿ ಡೇ ಇರುತ್ತದೆ, ಆ ಪೋಕೆಮಾನಿಗೆ ಆ ದಿನ ಅದು ಸುಮಾರು 25ಕ್ಕೆ 1 ಆಗುತ್ತದೆ. ಈ ವ್ಯತ್ಯಾಸ ಸರಿಯಾಗಿ ನೋಡಿ. 25ಕ್ಕೆ 1 ಅಂದರೆ 17 ಸಲ ನೋಡಿದರೆ ಸಮ ಸಮ, 57 ಸಲ ನೋಡಿದರೆ ನೂರಕ್ಕೆ 90ರಷ್ಟು ಖಾತ್ರಿ. ತೋಟದ ಮನೆಯಲ್ಲಿ ಕೂತು ಆರು ತಿಂಗಳು ನೋಡುವುದಕ್ಕಿಂತ ಆ ಒಂದು ಮಧ್ಯಾಹ್ನ ಪೇಟೆಗೆ ಹೋಗುವುದು ಮೇಲು. ಹಾಗಾಗಿ ತಿಂಗಳಲ್ಲಿ ಒಂದೇ ದಿನ ಆಡಲಿಕ್ಕೆ ಮನೆಯಲ್ಲಿ ಬಿಡುತ್ತಾರೆ ಅಂತಾದರೆ ಆ ದಿನ ಕಮ್ಯುನಿಟಿ ಡೇ ಆಗಿರಲಿ.

ಸಾಮಾನ್ಯವಾಗಿ ಅದು ಮಧ್ಯಾಹ್ನ 2ರಿಂದ 5ರ ತನಕ, ಆಯಾ ಊರಿನ ಸಮಯಕ್ಕೆ. ನಮ್ಮ ಲೆಕ್ಕದಲ್ಲಿ ಊಟ ಮುಗಿಸಿ ಹೊರಟರೆ ತಡವಾಗುತ್ತದೆ. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಬರುವವರು ಒಂದು ಗಂಟೆಗೆ ಕಾಸರಗೋಡು ಮುಟ್ಟುವ ಹಾಗೆ ಬಸ್ ಹಿಡಿಯಿರಿ. ಪೇಟೆಗೆ ಯಾಕೆ ಅಂದರೆ, ಜನ ಜಾಸ್ತಿ ಓಡಾಡುವಲ್ಲಿ ಪೋಕೆಮಾನ್ ಜಾಸ್ತಿ ಬರುತ್ತವೆ, ಚೆಂಡು ಮತ್ತಿತರ ಸಾಮಾನು ಸಿಗುವ ಸ್ಟಾಪ್‌ಗಳೂ ಹತ್ತಿರ ಹತ್ತಿರ ಇರುತ್ತವೆ. ತೋಟದ ನಡುವೆ ಒಂದು ಗಂಟೆಯಲ್ಲಿ ಬರುವಷ್ಟು ಇಲ್ಲಿ ಐದು ನಿಮಿಷದಲ್ಲಿ ಬರುತ್ತವೆ. ಹಳೇ ಬಸ್‌ಸ್ಟ್ಯಾಂಡಿನಿಂದ ಹೊಸ ಬಸ್‌ಸ್ಟ್ಯಾಂಡ್ ತನಕ ನಿಧಾನಕ್ಕೆ ನಡೆದು ಹೋಗಿ ಬನ್ನಿ, ಫೋನ್ ನೋಡುವಾಗ ರಸ್ತೆ ಬದಿಗೆ ನಿಂತುಕೊಂಡೇ ನೋಡಿ. ಆಡುವವರು ನಾಲ್ಕೈದು ಜನ ಸಿಕ್ಕೇ ಸಿಗುತ್ತಾರೆ. ಗುರುತಿಲ್ಲದವರೂ “ಶೈನಿ ಕಿಟ್ಟಿಯಾ?” (ಶೈನಿ ಸಿಕ್ಕಿತಾ?) ಅಂತ ಮಲಯಾಳದಲ್ಲಿ ಕೇಳುತ್ತಾರೆ, ಕನ್ನಡದಲ್ಲಿ ಉತ್ತರ ಕೊಟ್ಟರೂ ಅವರಿಗೆ ಅರ್ಥವಾಗುತ್ತದೆ. ಗೆಳೆತನ ಬೆಳೆಯುವುದು ಹೀಗೆಯೇ, ಆಮೇಲೆ ಟ್ರೇಡಿಗೂ, ಅಂದರೆ ಪೋಕೆಮಾನ್ ಬದಲಾಯಿಸಿಕೊಳ್ಳಲಿಕ್ಕೂ, ಜನ ಆಗುತ್ತದೆ.

ಹಿಂದಿನ ರಾತ್ರಿಯೇ ಮಾಡಬೇಕಾದ ಕೆಲಸ ಮೂರು ಇವೆ. ಸ್ಟೋರೇಜಿನಲ್ಲಿ ಕನಿಷ್ಠ ಇನ್ನೂರು ಜಾಗ ಖಾಲಿ ಮಾಡಿ. ಪೋಕೆಮಾನ್ ಹಿಡಿಯಲು ಎಸೆಯುವ ಚೆಂಡು ಕೂಡಿಸಿಟ್ಟುಕೊಳ್ಳಿ, ಶೈನಿ ಎದುರಿಗೆ ನಿಂತಾಗ ಚೆಂಡು ಮುಗಿಯುವಷ್ಟು ಬೇಸರ ಬೇರೆ ಇಲ್ಲ. ಪವರ್ ಬ್ಯಾಂಕ್ ತುಂಬಿಸಿ. ಮಳೆಗಾಲದಲ್ಲಿ ಇದನ್ನು ಸಂಜೆಯೇ ಮುಗಿಸಿ, ರಾತ್ರಿ ಕರೆಂಟ್ ಹೋದರೆ ಬೆಳಿಗ್ಗೆಯ ತನಕ ಬಾರದಿರುವುದು ನಮ್ಮ ಕಡೆ ಮಾಮೂಲಿ ಅಲ್ವಾ.

ಮಳೆ ಅಂದ ಕೂಡಲೇ ನೆನಪಾಯಿತು. ಜೂನಿನಿಂದ ಆಟದಲ್ಲೂ ಮಳೆಯ ಗುರುತು ಬರುತ್ತಲೇ ಇರುತ್ತದೆ. ಆಗ ನೀರು, ಮಿಂಚು, ಹುಳ ಜಾತಿಯ ಪೋಕೆಮಾನ್ ಜಾಸ್ತಿ ಬರುತ್ತವೆ. ಆಡ್ಸ್ ಜಾಸ್ತಿ ಆಗುವುದಿಲ್ಲ, ಆದರೆ ನಿಮಗೆ ಬೇಕಾದದ್ದು ನೀರಿನ ಜಾತಿಯದ್ದಾದರೆ ಅದನ್ನು ನೋಡುವ ಅವಕಾಶ ಜಾಸ್ತಿ ಸಿಗುತ್ತದೆ. ಫಲ ಒಂದೇ. ಒದ್ದೆ ಬೆರಳಿಗೆ ಸ್ಕ್ರೀನ್ ಸರಿಯಾಗಿ ಓಡುವುದಿಲ್ಲ, ಚೆಂಡು ಎತ್ತೆತ್ತಲೋ ಹೋಗುತ್ತದೆ. ಕಿಸೆಯಲ್ಲಿ ಒಂದು ಒಣ ಕರ್ಚೀಫ್ ಇರಲಿ.

ಪೇಟೆಗೆ ಹೋಗಲು ಆಗದವರು ಏನು ಮಾಡುವುದು? ಆಟದಲ್ಲಿ ದಿನಕ್ಕೊಮ್ಮೆ ಪೋಕೆಮಾನನ್ನು ಹತ್ತಿರ ಸೆಳೆಯುವ 15 ನಿಮಿಷದ ಒಂದು ಧೂಪ ಪುಕ್ಕಟೆ ಸಿಗುತ್ತದೆ, ಅದನ್ನು ನಡೆಯುತ್ತಾ ಬಳಸಿ. ನಿಂತಲ್ಲೇ ನಿಂತರೆ ಪೋಕೆಮಾನ್ ಅಷ್ಟಾಗಿ ಬರುವುದಿಲ್ಲ. ನನ್ನ ಅತ್ತೆಯ ಮಗ ಈಗ ಸಂಜೆ ಡೈರಿಗೆ ಹಾಲು ಕೊಡಲು ಹೋಗುವಾಗ ಅದನ್ನು ಹಚ್ಚುತ್ತಾನೆ. ಸ್ಟಾಪ್ ತಿರುಗಿಸಿದಾಗ ಸಿಗುವ ಕೆಲಸಗಳನ್ನು ಮುಗಿಸಿದರೆ ಬರುವ ಪೋಕೆಮಾನ್ ಕೂಡ ಶೈನಿ ಆಗಬಹುದು, ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಸ್ಟಾಪ್ ಇದ್ದರೆ ಅದನ್ನು ಬಿಡಬೇಡಿ. ಬಸ್ಸಿನಲ್ಲಿ ಕೂತಾಗಲೂ ಆಡಬಹುದು, ಜೋರಾಗಿ ಹೋಗುವಾಗ ಸ್ಟಾಪ್ ತಿರುಗುವುದಿಲ್ಲ. ತಲಪಾಡಿ ಹತ್ತಿರ ವಾಹನ ಸಾಲುಗಟ್ಟಿ ನಿಂತಾಗ ನಾನು ಎಷ್ಟೋ ಸಲ ಕೂತಲ್ಲೇ ಇಪ್ಪತ್ತು ಮೂವತ್ತು ನೋಡಿದ್ದೇನೆ. ಬೈಕ್ ಓಡಿಸುವಾಗ ಮಾತ್ರ ಬೇಡ, ಇದು ಗಟ್ಟಿಯಾಗಿ ಹೇಳುತ್ತಿದ್ದೇನೆ.

ರೇಡ್ ಅಂದರೆ ಹಲವರು ಸೇರಿ ಒಂದು ಬಲಶಾಲಿ ಪೋಕೆಮಾನನ್ನು ಸೋಲಿಸುವುದು. ಅದರಲ್ಲಿ ಬರುವ ಲೆಜೆಂಡರಿಗಳಿಗೆ, ಅಂದರೆ ತುಂಬ ಅಪರೂಪದ ಪೋಕೆಮಾನ್‌ಗಳಿಗೆ, ಆಡ್ಸ್ ಸುಮಾರು 20ಕ್ಕೆ 1. ರೇಡ್ ಗೆದ್ದ ಮೇಲೆ ಲೆಜೆಂಡರಿ ಶೈನಿ ಬಂದರೆ ಒಂದು ಚೆಂಡು ತಾಗಿದರೆ ಸಾಕು, ಅದು ತಪ್ಪಿಸಿಕೊಳ್ಳುವುದಿಲ್ಲ. ಹಾಗಾಗಿ ಕ್ಯಾಂಡಿ ಜಾಸ್ತಿ ಕೊಡುವ ಪೈನಾಪ್ ಹಣ್ಣು ಹಾಕಿ, ನಿಧಾನಕ್ಕೆ ಗುರಿ ನೋಡಿ ಎಸೆಯಿರಿ. ಮ್ಯಾಪಿನಲ್ಲಿ ಸಿಗುವ ಮಾಮೂಲಿ ಶೈನಿಗೆ ಈ ಖಾತ್ರಿ ಇಲ್ಲ, ಅದು ಓಡಿಹೋಗಬಹುದು, ಅಲ್ಲಿ ಒಳ್ಳೆಯ ಚೆಂಡು, ಒಳ್ಳೆಯ ಹಣ್ಣು ಎರಡೂ ಬಳಸಿ.

ಸ್ವಿಚ್ ಇದ್ದರೆ: ಸ್ಕಾರ್ಲೆಟ್, ವಯಲೆಟ್

ನಿಂಟೆಂಡೋ ಸ್ವಿಚ್ ಅನ್ನುವ ಗೇಮ್ ಯಂತ್ರದಲ್ಲಿ ಆಡುವ 2022ರ ಈ ಆಟಗಳಲ್ಲಿ ಶೈನಿ ಹೊರಗೆ ಓಡಾಡುವಾಗಲೇ ಬಣ್ಣದಿಂದ ಗೊತ್ತಾಗುತ್ತದೆ. ಆದರೆ ಮಿಂಚೂ ಇಲ್ಲ, ಶಬ್ದವೂ ಇಲ್ಲ. ಅದೇ ವರ್ಷ ಬಂದ ಲೆಜೆಂಡ್ಸ್ ಆರ್ಸಿಯಸ್‌ನಲ್ಲಿ ಶಬ್ದ ಕೇಳಿ ತಿರುಗಿ ನೋಡಬಹುದಿತ್ತು, ಇಲ್ಲಿ ಕಣ್ಣೇ ಗತಿ. ಆಟದಲ್ಲಿ ಸಂಜೆ ಆದಾಗ ಎಲ್ಲದರ ಮೇಲೂ ಕೆಂಪು ಬೆಳಕು ಬಿದ್ದು ಬಣ್ಣ ಮೋಸ ಮಾಡುತ್ತದೆ. ಸಂಶಯ ಬಂದರೆ ಒಂದು ಉಪಾಯ ಇದೆ. ನಿಮ್ಮ ಮುಂದಿನ ಪೋಕೆಮಾನನ್ನು ಆರ್ ಬಟನ್ ಒತ್ತಿ ಅದರ ಮೇಲೆ ಬಿಡಿ. ಮಾಮೂಲಿ ಆದರೆ ಹೋಗಿ ಹೊಡೆದು ಬರುತ್ತದೆ. ಶೈನಿ ಆದರೆ ಹೊಡೆಯಲು ಒಪ್ಪುವುದೇ ಇಲ್ಲ, ಅಲ್ಲೇ ನಿಂತುಬಿಡುತ್ತದೆ. ಪಿಕಾಚುವಿನಂಥದ್ದನ್ನು ಹುಡುಕುವಾಗ ಈ ಉಪಾಯ ಇಲ್ಲದೆ ಆಗುವುದೇ ಇಲ್ಲ.

ದಾರಿ ಹೀಗಿದೆ. ಮ್ಯಾಪಿನಲ್ಲಿ ಒಂದೇ ಪೋಕೆಮಾನ್ ಗುಂಪಾಗಿ ಬಂದಿರುವ ಜಾಗ ಹುಡುಕಿ, ಮಾಸ್ ಔಟ್‌ಬ್ರೇಕ್ ಅಂತಾರೆ. ಅಲ್ಲಿ ಆರ್ ಒತ್ತಿ ಒತ್ತಿ ಆ ಪೋಕೆಮಾನನ್ನೇ ಸೋಲಿಸುತ್ತಾ ಹೋಗಿ. 30 ಸೋಲಿಸಿದ ಮೇಲೆ ಆಡ್ಸ್ ಒಂದು ಮೆಟ್ಟಿಲು ಏರುತ್ತದೆ, 60 ದಾಟಿದರೆ ಇನ್ನೊಂದು, ಆಗ ಸುಮಾರು 1365ಕ್ಕೆ 1. ಸರಿಯಾಗಿ 60ಕ್ಕೆ ನಿಲ್ಲಿಸಬೇಡಿ, ಎಣಿಕೆ ತಪ್ಪಿರಬಹುದು, 65 ಮಾಡಿ. ಅಲ್ಲಿ ಸೇವ್ ಮಾಡಿ.

ಈಗ ಸ್ಯಾಂಡ್‌ವಿಚ್. ಆಟದೊಳಗೆ ಅದನ್ನು ಮಾಡಿ ತಿಂದರೆ ಸ್ವಲ್ಪ ಹೊತ್ತು ಒಂದು ಬಲ ಸಿಗುತ್ತದೆ. ಹೆರ್ಬಾ ಮಿಸ್ಟಿಕಾ ಅನ್ನುವ ಮಸಾಲೆ ಎರಡು ಹಾಕಿ, ನಿಮಗೆ ಬೇಕಾದ ಪೋಕೆಮಾನಿನ ಜಾತಿಗೆ (ನೀರು, ಮಿಂಚು, ಹೀಗೆ) ಹೊಂದುವ, ಶೈನಿ ಆಡ್ಸ್ ಏರಿಸುವ ಸ್ಪಾರ್ಕ್ಲಿಂಗ್ ಪವರ್ ಲೆವೆಲ್ 3 ಬರುವ ಹಾಗೆ ಮಾಡಿ ತಿಂದರೆ ಆಡ್ಸ್ ಸುಮಾರು 683ಕ್ಕೆ 1 ಆಗುತ್ತದೆ. ಆಟದ ಪೋಕೆಮಾನ್ ಪಟ್ಟಿ ಪೂರ್ತಿ ಮಾಡಿದರೆ ಸಿಗುವ ಶೈನಿ ಚಾರ್ಮ್ ಕೂಡ ಇದ್ದರೆ 512ಕ್ಕೆ 1. ಮಸಾಲೆ ಸಿಗುವುದು 5 ಮತ್ತು 6 ಸ್ಟಾರಿನ ಟೆರಾ ರೇಡ್‌ಗಳಲ್ಲಿ, ಅದೂ ಪ್ರತಿ ಸಲ ಅಲ್ಲ. ಅದಕ್ಕೇ ಸೇವ್ ಮಾಡಿ ಅಂತ ಮೊದಲೇ ಹೇಳಿದ್ದು. ಸ್ಯಾಂಡ್‌ವಿಚ್ಚಿನ ಬಲ 30 ನಿಮಿಷ ಇರುತ್ತದೆ. ಅಷ್ಟರಲ್ಲಿ ಶೈನಿ ಬರಲಿಲ್ಲ ಅಂದರೆ ಸೇವ್ ಮಾಡದೆ ಆಟ ಮುಚ್ಚಿ ಮತ್ತೆ ತೆರೆಯಿರಿ. ಮಸಾಲೆ ವಾಪಸ್, ಔಟ್‌ಬ್ರೇಕ್ ಹಾಗೇ, ಅರವತ್ತರ ಎಣಿಕೆಯೂ ಹಾಗೇ. ಆಟೋಸೇವ್ ಆಫ್ ಮಾಡಿರಬೇಕು, ಮರೆಯಬೇಡಿ. ದಿನ ಬದಲಾದರೆ ಔಟ್‌ಬ್ರೇಕ್ ಹೋಗುತ್ತದೆ, ಹಾಗಾಗಿ ರಾತ್ರಿ ಹನ್ನೊಂದೂವರೆಗೆ ಶುರು ಮಾಡಬೇಡಿ.

ಆ 30 ನಿಮಿಷ ಹೇಗೆ ಕಳೆಯುವುದು ಅನ್ನುವುದೇ ಮುಖ್ಯ. ಸುತ್ತ ಎಂಟು ಹತ್ತು ಬಂದಿರುತ್ತವೆ. ಒಂದು ಸುತ್ತು ತಿರುಗಿ ಪ್ರತಿಯೊಂದನ್ನೂ ನೋಡಿ. ಶೈನಿ ಇಲ್ಲ ಅಂತ ಖಾತ್ರಿಯಾದ ಮೇಲೆ ಪಿಕ್ನಿಕ್ ತೆರೆದು ಕೂಡಲೇ ಮುಚ್ಚಿ. ಸುತ್ತ ಇದ್ದದ್ದೆಲ್ಲ ಹೋಗಿ ಹೊಸದು ಬರುತ್ತವೆ. ಮತ್ತೆ ನೋಡಿ, ಮತ್ತೆ ಪಿಕ್ನಿಕ್. ಅವಸರದಲ್ಲಿ ಪೂರ್ತಿ ನೋಡದೆ ಪಿಕ್ನಿಕ್ ತೆರೆದರೆ, ಬಂಡೆಯ ಹಿಂದೆ ನಿಂತಿದ್ದ ಶೈನಿಯೂ ಅದರ ಜೊತೆ ಹೋಗುತ್ತದೆ. ಹೊರಗೆ ಓಡಾಡುವ ಶೈನಿ ಸೇವ್ ಮಾಡಿದರೂ ಉಳಿಯುವುದಿಲ್ಲ, ಕಂಡ ಕೂಡಲೇ ಹಿಡಿಯಬೇಕು.

ಶೈನಿ ಚಾರ್ಮ್ ಬಗ್ಗೆ ನನ್ನ ಅಭಿಪ್ರಾಯ: ಮೊದಲು ಅದನ್ನೇ ಪಡೆಯಿರಿ. ಈ ಆಟದ ನಾಡು ಪಾಲ್ಡಿಯಾದ 400 ಪೋಕೆಮಾನ್ ಪೂರ್ತಿ ಮಾಡಬೇಕು, ಕೆಲಸ ದೊಡ್ಡದು, ಹೌದು. ಆದರೆ ಒಮ್ಮೆ ಸಿಕ್ಕಿದರೆ ಆ ಆಟದಲ್ಲಿ ಯಾವಾಗಲೂ ಇರುತ್ತದೆ.

ಮೊಟ್ಟೆಯ ದಾರಿ

ಮಳೆಗಾಲಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬೇರೆ ಬೇರೆ ಭಾಷೆಯ ಆಟದಲ್ಲಿ ಹುಟ್ಟಿದ ಎರಡು ಪೋಕೆಮಾನನ್ನು ಜೊತೆಗೆ ಇಟ್ಟರೆ ಅದರ ಮೊಟ್ಟೆಯಿಂದ ಶೈನಿ ಬರುವ ಆಡ್ಸ್ ಏರುತ್ತದೆ. ಪೋಕೆಮಾನ್ ಆಟ ತಯಾರಿಸುವ ಗೇಮ್ ಫ್ರೀಕ್ ಕಂಪನಿಯ ಜುನಿಚಿ ಮಸುದಾ ಇದನ್ನು ಹೊರಗೆ ಹೇಳಿದ್ದರಿಂದ ಮಸುದಾ ಮೆಥಡ್ ಅಂತಲೇ ಹೆಸರು. 2006ರ ಡೈಮಂಡ್ ಮತ್ತು ಪರ್ಲ್ ಆಟಗಳಿಂದ ಇದೆ. ಈಗಿನ ಆಟಗಳಲ್ಲಿ 683ಕ್ಕೆ 1, ಚಾರ್ಮ್ ಇದ್ದರೆ 512ಕ್ಕೆ 1.

ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಪಕ್ಕದ ಮನೆಯವರ ಹತ್ತಿರ ತುಳು ಮಾತಾಡುವ ನಮಗೆ ಈ ಉಪಾಯ ಕೇಳಿದ ಕೂಡಲೇ ಇಷ್ಟವಾಗುತ್ತದೆ. ಇದಕ್ಕೆ ಬೇಕಾದದ್ದು ಬೇರೆ ಭಾಷೆಯ ಆಟದಲ್ಲಿ ಹುಟ್ಟಿದ ಒಂದು ವಿದೇಶಿ ಡಿಟ್ಟೋ, ಅದೂ ಒಂದು ಪೋಕೆಮಾನ್. ಜಪಾನೀಸ್, ಫ್ರೆಂಚ್, ಕೊರಿಯನ್ ಯಾವುದಾದರೂ ಸರಿ, ನಿಮ್ಮ ಆಟ ಇಂಗ್ಲಿಷ್ ಆಗಿದ್ದರೆ. ಡಿಟ್ಟೋ ಯಾಕೆ ಅಂದರೆ ಅದು ಹೆಚ್ಚಿನ ಎಲ್ಲದರ ಜೊತೆಯೂ ಮೊಟ್ಟೆ ಇಡುತ್ತದೆ, ಒಂದು ಸಿಕ್ಕಿದರೆ ಎಲ್ಲ ಹಂಟಿಗೂ ಅದೇ ಸಾಕು. ನೆಟ್‌ನಲ್ಲಿ ಟ್ರೇಡ್ ಮಾಡುವವರಲ್ಲಿ ಕೇಳಿದರೆ ಕೊಡುತ್ತಾರೆ.

ಮೊಟ್ಟೆ ಒಡೆಯಲು ನಡೆಯಬೇಕು. ಟೀಮಿನಲ್ಲಿ ಫ್ಲೇಮ್ ಬಾಡಿ ಅನ್ನುವ ಗುಣ ಇರುವ ಪೋಕೆಮಾನ್ ಒಂದು ಇದ್ದರೆ ಅರ್ಧ ನಡೆದರೆ ಸಾಕು. ಕರೆಂಟ್ ಹೋದರೂ, ನೆಟ್ ಹೋದರೂ, ಸ್ವಿಚ್ಚಿನಲ್ಲಿ ಚಾರ್ಜ್ ಇರುವ ತನಕ ಈ ಕೆಲಸ ನಿಲ್ಲುವುದಿಲ್ಲ. ಚಾವಡಿಯಲ್ಲಿ ಕೂತು, ಹೊರಗೆ ಮಳೆ ಸುರಿಯುತ್ತಿರುವಾಗ, ಒಂದು ಬಾಕ್ಸ್ ಅಂದರೆ 30 ಮೊಟ್ಟೆ, ಹೀಗೆ ಬಾಕ್ಸ್ ಲೆಕ್ಕದಲ್ಲಿ ಒಡೆಯುತ್ತಾ ಹೋಗಿ. ನನ್ನ ಬೆಳ್ಳಿ ಬಣ್ಣದ ಈವೀ ಬಂದದ್ದು ಹೀಗೆ, ಹತ್ತೊಂಬತ್ತನೇ ಬಾಕ್ಸಿನಲ್ಲಿ.

ಹಳೆಯ ಆಟ ಇದ್ದರೆ

ಗಲ್ಫಿನಿಂದ ಬರುವಾಗ ಮಾವನೋ ಚಿಕ್ಕಪ್ಪನೋ ತಂದುಕೊಟ್ಟ ಹಳೆಯ ಗೇಮ್‌ಬಾಯ್ ನಮ್ಮ ಕಡೆ ಅನೇಕ ಮನೆಗಳ ಕಪಾಟಿನಲ್ಲಿ ಇದೆ. ಅದರಲ್ಲೂ ಹಂಟ್ ಮಾಡಬಹುದು, 8192ಕ್ಕೆ 1 ಅಂತ ಗೊತ್ತಿರಲಿ. ಸುಲಭದ ದಾರಿ ರೀಸೆಟ್. ಮೊದಲ ಪೋಕೆಮಾನ್ ತೆಗೆದುಕೊಳ್ಳುವ ಮುಂಚೆ ಅಥವಾ ಲೆಜೆಂಡರಿಯ ಎದುರು ಸೇವ್ ಮಾಡಿ, ನೋಡಿ, ಅಲ್ಲ ಅಂತಾದರೆ ಎ, ಬಿ, ಸ್ಟಾರ್ಟ್, ಸೆಲೆಕ್ಟ್ ನಾಲ್ಕೂ ಒಟ್ಟಿಗೆ ಒತ್ತಿ. ನಿಂಟೆಂಡೋ ಡಿಎಸ್ ಆದರೆ ಎಲ್, ಆರ್, ಸ್ಟಾರ್ಟ್, ಸೆಲೆಕ್ಟ್.

ಎಮರಾಲ್ಡ್ ಆಡುವವರು ಒಂದು ವಿಷಯ ಗಮನಿಸಿ. ಆ ಆಟ ಪ್ರತಿ ಸಲ ತೆರೆದಾಗಲೂ, ಯಾವ ಪೋಕೆಮಾನ್ ಬರಬೇಕು ಅಂತ ತೀರ್ಮಾನಿಸುವ ತನ್ನ ಒಳಗಿನ ಎಣಿಕೆಯನ್ನು ಒಂದೇ ಜಾಗದಿಂದ ಶುರು ಮಾಡುತ್ತದೆ. ಕೈ ಪಳಗಿ ಪ್ರತಿ ಸಲ ಅದೇ ವೇಗದಲ್ಲಿ ಒತ್ತಿದರೆ ಅದೇ ಪೋಕೆಮಾನ್ ಮತ್ತೆ ಮತ್ತೆ ಬರಬಹುದು. ಒಮ್ಮೆ ಮೂರು ಸೆಕೆಂಡ್ ಕಾದು ಒತ್ತಿ, ಇನ್ನೊಮ್ಮೆ ಹತ್ತು ಸೆಕೆಂಡ್.

ಗೋಲ್ಡ್, ಸಿಲ್ವರ್ ಕಾಲದ ಕ್ಯಾಸೆಟ್‌ಗಳಲ್ಲಿ ಸೇವ್ ಉಳಿಯುವುದು ಒಳಗಿನ ಸಣ್ಣ ಬ್ಯಾಟರಿಯಿಂದ. ಅದು ಮುಗಿದಿದ್ದರೆ ನೀವು ಹಿಡಿದದ್ದೂ ಹೋಗುತ್ತದೆ. ಸೇವ್ ಮಾಡಿ, ಆಫ್ ಮಾಡಿ, ಒಂದು ದಿನ ಬಿಟ್ಟು ತೆರೆದು ನೋಡಿ. ಉಳಿದಿದ್ದರೆ ಮಾತ್ರ ಹಂಟ್ ಶುರು ಮಾಡಿ.

ಒಂದು ಮಾತು ಎಲ್ಲ ಆಟಕ್ಕೂ ಸೇರಿ: ಕೆಲವು ಪೋಕೆಮಾನ್ ಶೈನಿ ಆಗದ ಹಾಗೆ ಆಟದಲ್ಲೇ ಬೀಗ ಹಾಕಿರುತ್ತಾರೆ. ಸ್ವೋರ್ಡ್, ಶೀಲ್ಡ್, ಸ್ಕಾರ್ಲೆಟ್, ವಯಲೆಟ್‌ಗಳಲ್ಲಿ ಶುರುವಿಗೆ ಕೊಡುವ ಪೋಕೆಮಾನ್ ಹಾಗೆ. ಅದನ್ನು ಎಷ್ಟು ರೀಸೆಟ್ ಮಾಡಿದರೂ ಬಣ್ಣ ಬದಲಾಗುವುದಿಲ್ಲ, ಅದೇ ಜಾತಿ ಬೇಕಾದರೆ ಮೊಟ್ಟೆಯ ದಾರಿಯೇ ಸರಿ.

ಎದುರಿಗೆ ಬಂದಾಗ

ನನ್ನ ಮೊದಲ ಶೈನಿ ಒಂದು ಹಸಿರು ಝೂಬ್ಯಾಟ್. ಫೈರ್‌ರೆಡ್ ಆಟದಲ್ಲಿ, ಮೌಂಟ್ ಮೂನ್ ಗುಹೆಯಲ್ಲಿ. ಆ ಗುಹೆಯಲ್ಲಿ ಹತ್ತು ಹೆಜ್ಜೆಗೊಂದು ಝೂಬ್ಯಾಟ್ ಬರುತ್ತದೆ, ಬೆರಳು ತಾನಾಗಿ ಎ ಬಟನ್ ಒತ್ತುತ್ತಾ ಇರುತ್ತದೆ. ಮಿಂಚು ಕಂಡೆ, ಹಸಿರು ಬಣ್ಣ ಕಂಡೆ, ಅಷ್ಟರಲ್ಲಿ ಬೆರಳು ಎರಡು ಸಲ ಒತ್ತಿ ಆಗಿತ್ತು. ಚಾರ್‌ಮೀಲಿಯಾನಿನ ಬೆಂಕಿ ಹೋಯಿತು, ಝೂಬ್ಯಾಟ್ ಬಿತ್ತು. ಆ ಹಸಿರು ನನಗೆ ಇನ್ನೂ ನೆನಪಿದೆ, ಎಳೆ ಬಾಳೆ ಎಲೆಯ ಹಾಗೆ ಇತ್ತು.

ಹಾಗಾಗಿ ಮೊದಲನೇ ನಿಯಮ, ಬಟನ್ನಿನಿಂದ ಕೈ ತೆಗೆಯಿರಿ. ಯುದ್ಧ ಶುರುವಾದ ಮೇಲೆ ಆಟ ನೀವು ಒತ್ತುವ ತನಕ ಕಾಯುತ್ತದೆ. ಬೇಕಾದರೆ ಎದ್ದು ಹೋಗಿ ನೀರು ಕುಡಿದು ಬನ್ನಿ.

ಹಂಟಿಗೆ ಹೊರಡುವಾಗ ಹಿಡಿಯಲಿಕ್ಕೆಂದೇ ಒಂದು ಪೋಕೆಮಾನ್ ಜೊತೆಗಿರಲಿ. ಫಾಲ್ಸ್ ಸ್ವೈಪ್ ಅನ್ನುವ ಏಟು ಎದುರಾಳಿಯ ಜೀವವನ್ನು 1ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಜೊತೆಗೆ ನಿದ್ದೆ ಬರಿಸುವ ಒಂದು ಮಂತ್ರ ಬೇಕು. ಬ್ರೆಲೂಮಿಗೆ ಫಾಲ್ಸ್ ಸ್ವೈಪ್, ಸ್ಪೋರ್ ಎರಡೂ ಬರುತ್ತದೆ, ನಾನು ಇಟ್ಟುಕೊಂಡಿರುವುದು ಅದೇ. ಗೋಸ್ಟ್ ಜಾತಿಗೆ ಫಾಲ್ಸ್ ಸ್ವೈಪ್ ತಾಗುವುದಿಲ್ಲ, ಅಲ್ಲಿ ನಿದ್ದೆ ಬರಿಸಿ ಚೆಂಡು ಎಸೆಯುತ್ತಾ ಹೋಗಿ. ಆಬ್ರಾ ಥಟ್ಟನೆ ಮಾಯವಾಗುತ್ತದೆ, ಅದಕ್ಕೆ ಮೊದಲನೇ ಸರದಿಯಲ್ಲೇ ಕ್ವಿಕ್ ಬಾಲ್. ತನ್ನನ್ನೇ ಸ್ಫೋಟಿಸಿಕೊಳ್ಳುವ ಜಿಯೋಡ್ಯೂಡ್, ವೋಲ್ಟಾರ್ಬ್‌ಗಳ ಜೊತೆಯೂ ಆಟ ಎಳೆಯಬೇಡಿ. ಎಂಥದ್ದನ್ನೂ ತಪ್ಪದೆ ಹಿಡಿಯುವ ಮಾಸ್ಟರ್ ಬಾಲ್ ಇದೆಯಾ? ಎಸೆಯಿರಿ. ನಾಲ್ಕು ಸಾವಿರಕ್ಕೊಂದು ಎದುರಿಗೆ ನಿಂತಿರುವಾಗ ಅದನ್ನು ಇನ್ಯಾವುದಕ್ಕೋ ಇಟ್ಟುಕೊಳ್ಳುವುದು ಯಾಕೆ?

ದುಡ್ಡು ಕೊಟ್ಟರೆ ಶೈನಿ ಕೊಡುತ್ತೇನೆ ಅನ್ನುವವರಿಂದ ದೂರ ಇರಿ. ಹೆಚ್ಚಿನವು ಹ್ಯಾಕ್ ಮಾಡಿ ತಯಾರಿಸಿದ್ದು. ಗೋ ಅಕೌಂಟಿನ ಪಾಸ್‌ವರ್ಡ್ ಕೇಳಿದರೆ ಯಾರಿಗೂ ಕೊಡಬೇಡಿ. ನನ್ನ ಗೆಳೆಯನೊಬ್ಬ ಹಾಗೆ ಕೊಟ್ಟು ಮೂರು ವರ್ಷದ ಅಕೌಂಟ್ ಕಳೆದುಕೊಂಡ. ಟ್ರೇಡ್ ಬೇಕಾದರೆ ಗುರುತಿನವರ ಜೊತೆ, ಎದುರು ಬದುರು ನಿಂತು ಮಾಡಿ. ಗೋದಲ್ಲಿ ಶೈನಿಯನ್ನು ಬದಲಾಯಿಸಿಕೊಳ್ಳುವುದು ಹೆಚ್ಚಾಗಿ ಸ್ಪೆಷಲ್ ಟ್ರೇಡ್ ಆಗುತ್ತದೆ, ಮಾಮೂಲಿಗೆ ದಿನಕ್ಕೆ ಒಂದೇ, ಅದಕ್ಕೆ ಆಟದಲ್ಲಿ ಕೂಡಿಸಿದ ಸ್ಟಾರ್‌ಡಸ್ಟ್ ಖರ್ಚು ದೊಡ್ಡದು. ಆಟದಲ್ಲಿ ಗೆಳೆತನ ಬೆಳೆದಷ್ಟೂ ಆ ಖರ್ಚು ಇಳಿಯುತ್ತದೆ, ಹಾಗಾಗಿ ದಿನಾ ಗಿಫ್ಟ್ ಕಳಿಸುತ್ತಾ ಇರಿ, ಅವಸರ ಮಾಡಬೇಡಿ.

ಹಿಡಿದ ಕೂಡಲೇ ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ಸೇವ್. ಗೋದಲ್ಲಾದರೆ ಮೇಲೆ ಇರುವ ಸ್ಟಾರ್ ಗುರುತು ಒತ್ತಿ ಫೇವರಿಟ್ ಮಾಡಿ, ಹಾಗೆ ಮಾಡಿದ್ದನ್ನು ಕೈತಪ್ಪಿಯೂ ಟ್ರಾನ್ಸ್‌ಫರ್ ಮಾಡಲು ಬರುವುದಿಲ್ಲ. ನನ್ನ ಅತ್ತೆಯ ಮಗನಿಗೆ ಹೊಸ ಬಸ್‌ಸ್ಟ್ಯಾಂಡಿನ ಹತ್ತಿರ, ಮೂರು ಮುಕ್ಕಾಲು ಗಂಟೆಗೆ, ನಲವತ್ತೆರಡನೇ ಸಲ ಮುಟ್ಟಿದಾಗ ಸಿಕ್ಕಿತು. “ಭಾವ, ಇದರ ಬಣ್ಣ ಬೇರೆ ಉಂಟಲ್ಲ?” ಅಂದ, ಚೆಂಡು ಎಸೆಯಲು ಕೈ ಓಡಲಿಲ್ಲ, ಫೋನ್ ನನಗೆ ಕೊಟ್ಟ. ನಾನು ವಾಪಸ್ ಅವನ ಕೈಗೇ ಕೊಟ್ಟೆ. ಮೊದಲ ಚೆಂಡು ಬದಿಗೆ ಹೋಯಿತು, ಎರಡನೆಯದರಲ್ಲಿ ನಿಂತಿತು. ಸ್ಟಾರ್ ಒತ್ತಿದ ಮೇಲೇ ನಾವು ಚಾ ಕುಡಿಯಲು ಹೋದದ್ದು.